ಕಾಯಬಲ್ಲವರೂ ಕಾಯಲಾರದವರೂ

ಮಲೆನಾಡಿನ ಯಾವ ತಾಲ್ಲೂಕಿಗೆ ಹೋದರೂ ಈ ದಿನಗಳಲ್ಲಿ ಎರಡು ದೂರುಗಳು ಏಕಕಾಲದಲ್ಲಿ ಕೇಳಬರುತ್ತವೆ. ಕೊಳೆರೋಗಕ್ಕೆ ಮದ್ದು ಹೊಡೆಯುವುದಕ್ಕೆ ಜನವಿಲ್ಲ, ಕೊನೆ ಇಳಿಸುವುದಕ್ಕೆ ಜನವಿಲ್ಲ, ಇಳಿಸಿದ ಅಡಿಕೆಯನ್ನು ಸುಲಿಯುವುದಕ್ಕೂ ಜನವಿಲ್ಲ, ಕೂಲಿಯನ್ನು ವರ್ಷವರ್ಷವೂ ಏರಿಸುತ್ತ ಬಂದರೂ ಆಳುಗಳು ಅಂಗಳಕ್ಕೆ ಕಾಲಿಡುವುದಿಲ್ಲವೆಂದು ತೋಟದ ಯಜಮಾನರು ಹೇಳಿದರೆ, ಅದೇ ಊರಿನಲ್ಲಿ ಬಿ.ಎ., ಬಿ.ಕಾಂ., ಡಿಪ್ಲೊಮ ಪೂರೈಸಿದ ತರುಣರು, ಅರ್ಜಿ ಹಾಕಿದ ಕಡೆಯಿಂದ ಉತ್ತರವಿಲ್ಲ, ಪರೀಕ್ಷೆ ಬರೆದ ಕಡೆಯಿಂದ ಫಲಿತಾಂಶವಿಲ್ಲ, ಬಾಳಿಗೊಂದು ನೆಲೆ ಕಾಣುವುದಿಲ್ಲವೆಂದು ಹೇಳುತ್ತಾರೆ. ಒಂದು ದೂರು ನಿಜವಾದರೆ ಇನ್ನೊಂದು ಸುಳ್ಳಾಗಬೇಕಷ್ಟೆ ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದುದರಿಂದಲೇ ಹಿರಿಯರು ಈಗಿನ ಹುಡುಗರಿಗೆ ಮೈ ಬಗ್ಗುವುದಿಲ್ಲವೆಂದೂ, ಹುಡುಗರು ಈ ದೇಶದಲ್ಲಿ ಓದಿಗೆ ಬೆಲೆಯಿಲ್ಲವೆಂದೂ ತೀರ್ಪು ಕೊಟ್ಟು ಚರ್ಚೆಯನ್ನು ಮುಗಿಸಿಬಿಡುವುದುಂಟು.

ಈ ಎರಡು ತೀರ್ಪುಗಳಲ್ಲಿ ಯಾವುದೂ ವಿಷಯದ ಬುಡವನ್ನು ಮುಟ್ಟುವುದಿಲ್ಲ. ಬಡತನದಿಂದ ಮೇಲೇಳುತ್ತಿರುವ ಒಂದು ದೇಶದಲ್ಲಿ ಉದ್ಯೋಗವೆಂಬುದು ಯಾವ ಯಾವ ರೂಪಗಳಲ್ಲಿ ಹಂಚಿಕೊಂಡಿದೆ, ನಿರುದ್ಯೋಗವೆಂಬುದು ಯಾರ ಮನೆಯಲ್ಲಿ ಕಾಣಿಸಿಕೊಳ್ಳುತ್ತದೆ, ಯಾರ ಮನೆಯಲ್ಲಿ ವೇಷ ಮರೆಸಿಕೊಂಡು ಕುಳಿತಿರುತ್ತದೆ ಎಂಬುದನ್ನು ವಿಚಾರಿಸಿದಲ್ಲಿ, ಯಜಮಾನರ ದೂರೂ ತರುಣರ ದೂರೂ ಒಂದೇ ಸ್ಥಿತಿಯ ಎರಡು ಪಾರ್ಶ್ವಗಳೆಂಬುದು ಗೋಚರವಾದೀತು. ಆ ವಿಚಾರಕ್ಕೆ ಕೀಲಿಕೈಯಾಗಬಲ್ಲ ಪ್ರಶ್ನೆಯೊಂದನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ತಕ್ಕ ಕೆಲಸ ಸಿಗುವವರೆಗೆ ಕಾಯಬಲ್ಲವರು ಯಾರು, ಕಾಯಲಾರದವರು ಯಾರು, ಕಾಯುವವರ ಖರ್ಚನ್ನು ಹೊರುವವರು ಯಾರು?

ಎಣಿಕೆಗೆ ಸಿಗುವ ಬಡತನ, ಸಿಗದ ಬಡತನ

ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆಯು 2017-18ರಿಂದ ನಡೆಸಿಕೊಂಡು ಬಂದಿರುವ ನಿಯತಕಾಲಿಕ ಕಾರ್ಮಿಕ ಸಮೀಕ್ಷೆಯ ಪ್ರಕಾರ, ಆ ಮೊದಲ ವರ್ಷದಲ್ಲಿ ದೇಶದ ನಿರುದ್ಯೋಗದ ಪ್ರಮಾಣವು ಶೇಕಡಾ 6.1 ಆಗಿತ್ತು, 2023-24ರ ವೇಳೆಗೆ ಅದು ಶೇಕಡಾ 3.2ಕ್ಕೆ ಇಳಿಯಿತು. ಫ್ರಾನ್ಸು, ಸ್ಪೇಯಿನ್‌ಗಳಂತಹ ಸಂಪನ್ನ ರಾಷ್ಟ್ರಗಳ ಮಂತ್ರಿಗಳು ಅಸೂಯೆಪಡತಕ್ಕ ಅಂಕಿ ಇದು. ಹಾಗಾದರೆ ಫ್ರಾನ್ಸಿನ ಕಾರ್ಮಿಕನಿಗಿಂತ ನಮ್ಮ ಕಾರ್ಮಿಕನು ಸುಖಿಯೆ? ಅಲ್ಲವೆಂಬುದನ್ನು ಹೇಳುವುದಕ್ಕೆ ಪಾಂಡಿತ್ಯವೇನೂ ಬೇಕಾಗಿಲ್ಲ. ಆದರೆ ಅಂಕಿ ಹೀಗೇಕೆ ಹೇಳುತ್ತದೆಂಬುದನ್ನು ತಿಳಿಯಲು ಎಣಿಕೆಯ ವಿಧಾನವನ್ನು ತುಸು ನೋಡಬೇಕು.

ಭಾರತದಂತಹ ದೇಶದಲ್ಲಿ ನಿರುದ್ಯೋಗವನ್ನು ಒಂದೇ ಸಂಖ್ಯೆಯಲ್ಲಿ ಅಡಕಮಾಡಲು ಸಾಧ್ಯವಿಲ್ಲವೆಂದು ಪ್ರೊಫೆಸರ್ ದಾಂತವಾಲಾ ಅವರ ಅಧ್ಯಕ್ಷತೆಯ ತಜ್ಞರ ಸಮಿತಿಯು 1970ರಲ್ಲಿಯೇ ಹೇಳಿತ್ತು. ಅದರ ಸಲಹೆಯನ್ನು ಅನುಸರಿಸಿ 1972-73ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಿಂದ ಮೊದಲ್ಗೊಂಡು ಒಬ್ಬ ಮನುಷ್ಯನ ಸ್ಥಿತಿಯನ್ನು ವರ್ಷದ ಅಳತೆಯಿಂದ, ವಾರದ ಅಳತೆಯಿಂದ, ದಿನದ ಅಳತೆಯಿಂದ ಬೇರೆಬೇರೆಯಾಗಿ ಅಳೆಯುವ ಪದ್ಧತಿ ರೂಢಿಗೆ ಬಂದಿತು. ವರ್ಷದ ಅಳತೆಯಲ್ಲಿ, ಬಹುಕಾಲ ಕೆಲಸವಿಲ್ಲದಿದ್ದವನೂ ಒಟ್ಟು 30 ದಿನಗಳಷ್ಟು ಯಾವುದಾದರೊಂದು ಕಸುಬು ಮಾಡಿದ್ದರೆ ಉದ್ಯೋಗಸ್ಥನೆನಿಸುತ್ತಾನೆ. ವಾರದ ಅಳತೆಯಲ್ಲಿ, ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೆ ಸಾಕು, ಅವನು ಉದ್ಯೋಗಸ್ಥ. ಬಸ್ ನಿಲ್ದಾಣದಲ್ಲಿ ಒಂದು ಸಂಜೆ ಕಡಲೆಕಾಯಿ ಮಾರಿದವನೂ, ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ಗಲ್ಲಾಪೆಟ್ಟಿಗೆ ಕಾದ ಹೆಂಡತಿಯೂ, ಬೆಂಗಳೂರಿನ ಹೊರವಲಯದ ಗಾಜಿನ ಕಟ್ಟಡದಲ್ಲಿ ಲಕ್ಷಾಂತರ ರೂಪಾಯಿ ಸಂಬಳ ಎಣಿಸುವವನೂ ಪಟ್ಟಿಯಲ್ಲಿ ಒಂದೊಂದು ತಲೆಯಾಗಿ ಸಮಾನ ಸ್ಥಾನವನ್ನು ಪಡೆಯುತ್ತಾರೆ. ಎಣಿಸುವವರ ಅಪರಾಧವೇನೂ ಇದರಲ್ಲಿಲ್ಲ. ಅಂತರರಾಷ್ಟ್ರೀಯ ರೂಢಿಯೂ ಸುಮಾರಾಗಿ ಇದೇ ಆಗಿರುತ್ತದೆ. ಆ ರೂಢಿ ಹುಟ್ಟಿದ ನಾಡುಗಳ ಸ್ಥಿತಿ ಬೇರೆ, ನಮ್ಮ ಸ್ಥಿತಿ ಬೇರೆ ಎಂಬಲ್ಲಿ ತೊಡಕಿದೆ.

ಬ್ರಿಟನ್ನಿನಲ್ಲಿ ನಿರುದ್ಯೋಗ ವಿಮೆಯು 1911ರ ಶಾಸನದಿಂದ ಆರಂಭವಾಯಿತು. ಕಾರ್ಖಾನೆಯಿಂದ ಹೊರಬಿದ್ದ ಕಾರ್ಮಿಕನು ಇನ್ನೊಂದು ಕಾರ್ಖಾನೆಯ ಬಾಗಿಲು ತೆರೆಯುವವರೆಗೆ ನಿಧಿಯ ಆಸರೆಯಲ್ಲಿ ಕಾದಿರಬಹುದು. ಕಾದಿರುವುದರಿಂದಲೇ ಅವನು ಎಣಿಕೆಗೆ ಸಿಗುತ್ತಾನೆ. ನಿರುದ್ಯೋಗಿಯಾಗಿರುವುದೆಂದರೆ ಕಾಯುವುದು, ಕಾಯುವುದಕ್ಕೆ ಬುತ್ತಿ ಬೇಕು. ಬುತ್ತಿಯಿಲ್ಲದವನು ಸಂಜೆಯೊಳಗೆ ಏನಾದರೊಂದನ್ನು ಮಾಡಿಯೇ ತೀರಬೇಕು, ಮಾಡಿದ ಕೂಡಲೆ ಅವನು ನಿರುದ್ಯೋಗಿಗಳ ಪಟ್ಟಿಯಿಂದ ಮಾಯವಾಗುತ್ತಾನೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ದೆಹಲಿಯ ಮಾನವ ಅಭಿವೃದ್ಧಿ ಸಂಸ್ಥೆಯೊಡನೆ ಸೇರಿ 2024ರಲ್ಲಿ ಹೊರತಂದ ಭಾರತದ ಉದ್ಯೋಗ ವರದಿಯು ಈ ವಿಪರ್ಯಾಸವನ್ನು ಎರಡು ಸಂಖ್ಯೆಗಳಲ್ಲಿ ತೋರಿಸಿಕೊಟ್ಟಿದೆ: 2022ರಲ್ಲಿ ಓದುಬರಹ ಬಾರದ ಯುವಜನರಲ್ಲಿ ನಿರುದ್ಯೋಗವು ಶೇಕಡಾ 3.4, ಪದವೀಧರ ಯುವಜನರಲ್ಲಿ ಶೇಕಡಾ 29.1. ವಿದ್ಯೆಯು ನಿರುದ್ಯೋಗವನ್ನು ಹುಟ್ಟಿಸುತ್ತದೆಂದು ಇದಕ್ಕೆ ಅರ್ಥ ಮಾಡತಕ್ಕದ್ದಲ್ಲ. ಅಕ್ಷರ ಕಲಿಸಲಾಗದ ಮನೆಗೆ ಮಗನನ್ನು ಕಾಯಿಸುವ ಶಕ್ತಿಯೂ ಇರಲಿಲ್ಲ, ಪದವಿಯವರೆಗೆ ಓದಿಸಿದ ಮನೆಯು ಇನ್ನೆರಡು ಮೂರು ವರ್ಷ ಹೇಗೋ ತಾಳಿಕೊಳ್ಳಬಲ್ಲದು ಎಂಬಷ್ಟೇ ಇದರ ಅರ್ಥ.

ಅರ್ಥಶಾಸ್ತ್ರಜ್ಞರು ಕಂಡದ್ದು

ಈ ವ್ಯತ್ಯಾಸವನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಗ್ರಹಿಸಿದವರಲ್ಲಿ ಕನ್ನಡ ನಾಡಿಗೆ ನಿಕಟರಾದ ಇಬ್ಬರಿದ್ದರೆಂಬುದನ್ನು ನೆನೆಯುವುದು ಯುಕ್ತ. ಜಗತ್ತಿನ ಆರ್ಥಿಕ ಕುಸಿತದ ನಡುವೆ 1936ರಲ್ಲಿ ಪ್ರಕಟವಾದ ಕೇನ್ಸ್‌ರ ಮಹಾಗ್ರಂಥವು, ಸರ್ಕಾರವು ಹಣ ವೆಚ್ಚಮಾಡಿ ಬೇಡಿಕೆಯನ್ನು ಎಬ್ಬಿಸಿದಲ್ಲಿ ಸುಮ್ಮನೆ ನಿಂತ ಯಂತ್ರಗಳೂ ಸುಮ್ಮನೆ ಕುಳಿತ ಕೈಗಳೂ ಮತ್ತೆ ಕೂಡಿಕೊಳ್ಳುವುವೆಂಬ ಸಿದ್ಧಾಂತವನ್ನು ಮುಂದಿಟ್ಟಿತು. ಸ್ವತಂತ್ರ ಭಾರತದ ಅನೇಕ ವಿದ್ಯಾವಂತರಿಗೆ ಅದೇ ಮಂತ್ರ ಇಲ್ಲಿಯೂ ಫಲಿಸೀತೆಂಬ ಆಸೆಯಿತ್ತು. ಕೇಂಬ್ರಿಜ್ಜಿನಲ್ಲಿ ವ್ಯಾಸಂಗಮಾಡಿದ್ದ ವಿ. ಕೆ. ಆರ್. ವಿ. ರಾವ್ ಅವರು 1952ರಲ್ಲಿ ಬರೆದ ಒಂದು ಲೇಖನದಲ್ಲಿ ಆ ಆಸೆಗೆ ಆಧಾರವಿಲ್ಲವೆಂದು ತೋರಿಸಿದರು. ನಮ್ಮಲ್ಲಿ ಕೆಲಸಗಾರರಿಲ್ಲದೆ ನಿಂತ ಯಂತ್ರಗಳಿಲ್ಲ. ದುಡಿಯುವವರಲ್ಲಿ ಬಹುಪಾಲು ಮಂದಿ ಸಂಬಳಗಾರರಲ್ಲ, ಸ್ವಂತ ಹೊಲದಲ್ಲಿಯೋ ಮನೆಕಸುಬಿನಲ್ಲಿಯೋ ತೊಡಗಿರುವವರು. ಅವರ ನಿರುದ್ಯೋಗವು ಮರೆಯಲ್ಲಿರುವಂತಹುದು. ಹೀಗಿರಲಾಗಿ ಹಣವನ್ನು ಹರಿಯಬಿಟ್ಟರೆ ಕಾಳಿಗಿಂತ ಮೊದಲು ಕಾಳಿನ ಬೆಲೆ ಏರುವುದೆಂದು ಅವರ ವಾದ. ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಆಯ್ಕೆಯಾದ, 1972ರಲ್ಲಿ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯನ್ನು ಕಟ್ಟಿದ ರಾವ್ ಅವರೇ ಇವರು.

ಮರೆಯ ನಿರುದ್ಯೋಗವೆಂದರೇನು? ಮೂರು ಎಕರೆ ಖುಷ್ಕಿ ಜಮೀನಿನಲ್ಲಿ ಇಬ್ಬರು ಮಾಡಬಹುದಾದ ಕೆಲಸವನ್ನು ಐವರು ಮಾಡುತ್ತಾರೆ. ಐವರೂ ಬೆಳಗಿನಿಂದ ಸಂಜೆಯವರೆಗೆ ದಣಿಯುತ್ತಾರೆ. ಯಾರನ್ನು ಕೇಳಿದರೂ ನಾನು ರೈತನೆಂದೇ ಉತ್ತರ. ಆದರೆ ಮೂವರು ಎದ್ದುಹೋದರೂ ಕಣಕ್ಕೆ ಬರುವ ಜೋಳದ ರಾಶಿ ಹೆಚ್ಚೇನೂ ಕಡಮೆಯಾಗದು. ಆರ್ಥರ್ ಲೂಯಿಸ್ ಎಂಬ ಕೆರಿಬಿಯನ್ ದ್ವೀಪದ ವಿದ್ವಾಂಸರು 1954ರಲ್ಲಿ ಈ ಹೆಚ್ಚುವರಿ ಜನಬಲವೇ ಹಿಂದುಳಿದ ದೇಶಗಳ ಬಂಡವಾಳವೆಂದು ಸಾರಿದರು: ಹೊಲದಲ್ಲಿ ಮಿಕ್ಕವರು ಕಾರ್ಖಾನೆಗೆ ಬರಲಿ, ಕಾರ್ಖಾನೆಯ ಲಾಭವು ಮತ್ತೆ ಕಾರ್ಖಾನೆಯಾಗಲಿ, ಹಾಗೆಯೇ ಒಂದು ತಲೆಮಾರಿನಲ್ಲಿ ಹೊಲವು ಹಗುರವಾಗಲಿ. ಇದಾದ ಎರಡು ವರ್ಷಕ್ಕೆ ಸಿ. ಎನ್. ವಕೀಲರೊಡಗೂಡಿ ಗ್ರಂಥವೊಂದನ್ನು ಹೊರತಂದ ಕನ್ನಡಿಗ ಅರ್ಥಶಾಸ್ತ್ರಜ್ಞ ಪಾಲಹಳ್ಳಿ ರಾಮಯ್ಯ ಬ್ರಹ್ಮಾನಂದರು, ಆ ಮೂವರು ಹೊಲ ಬಿಟ್ಟು ಹೊರಟಾಗ ಅವರ ಊಟ ಅವರೊಡನೆ ಹೊರಡುವುದಿಲ್ಲವೆಂಬ ಸೂಕ್ಷ್ಮವನ್ನು ಎತ್ತಿ ತೋರಿಸಿದರು. ಉಳಿದ ಇಬ್ಬರು ಅಲ್ಲಿಯವರೆಗೆ ಅರೆಹೊಟ್ಟೆಯಲ್ಲಿದ್ದವರಾದುದರಿಂದ ಈಗ ಹೊಟ್ಟೆತುಂಬ ಉಣ್ಣುವರು. ಹೋದವರಿಗೆ ಅನ್ನವನ್ನೂ ಬಟ್ಟೆಯನ್ನೂ ಬೇರೆಯಾಗಿ ಒದಗಿಸಬೇಕು. ಆದುದರಿಂದ ಭಾರಿ ಯಂತ್ರಗಳಿಗಿಂತ ಮೊದಲು ಅನ್ನವಸ್ತ್ರಾದಿ ಕೂಲಿಪದಾರ್ಥಗಳ ಉತ್ಪಾದನೆಯೇ ಉದ್ಯೋಗಸೃಷ್ಟಿಯ ಬೀಜವೆಂದು ಅವರು ವಾದಿಸಿದರು. ಅದೇ ವರ್ಷ ಆರಂಭವಾದ ಎರಡನೆಯ ಪಂಚವಾರ್ಷಿಕ ಯೋಜನೆಯು ಪ್ರೊಫೆಸರ್ ಮಹಲನೋಬಿಸರ ಮಾರ್ಗವನ್ನು ಹಿಡಿದು ಉಕ್ಕಿಗೂ ಯಂತ್ರಗಳಿಗೂ ಅಗ್ರಸ್ಥಾನವನ್ನು ಕೊಟ್ಟು, ಉದ್ಯೋಗದ ಹೊಣೆಯನ್ನು ಕೈಮಗ್ಗ ಗ್ರಾಮೋದ್ಯೋಗಗಳ ಮೇಲಿರಿಸಿತು.

ಇಂತಹ ಅನುಭವ ನಮ್ಮೊಬ್ಬರದೇ ಅಲ್ಲ. ಕೀನ್ಯ ದೇಶದ ನಿರುದ್ಯೋಗವನ್ನು ಪರಿಶೀಲಿಸಲು ಹೋದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ನಿಯೋಗವು 1972ರ ತನ್ನ ವರದಿಯಲ್ಲಿ, ಅಲ್ಲಿಯ ಮುಖ್ಯ ಸಮಸ್ಯೆ ಕೆಲಸವಿಲ್ಲದವರದಲ್ಲ, ದಿನವಿಡೀ ಕೆಲಸಮಾಡಿಯೂ ಬಡವರಾಗಿಯೇ ಉಳಿದವರದು ಎಂದು ಬರೆಯಿತು. ನೈರೋಬಿಯ ಬೀದಿಯಂಚಿನಲ್ಲಿ ಹಳೆಯ ತಗಡಿನಿಂದ ದೀಪ ಮಾಡುವವರು, ಚಪ್ಪಲಿ ಹೊಲಿಯುವವರು, ಚಹಾ ಕಾಸುವವರು ಸೇರಿ ಆದ ಆ ದೊಡ್ಡ ಲೋಕವನ್ನು ಅರ್ಥಶಾಸ್ತ್ರವು ಅಂದಿನಿಂದ ಅಸಂಘಟಿತ ವಲಯವೆಂದು ಗುರುತಿಸುತ್ತ ಬಂದಿದೆ. ನಮ್ಮ ದೇಶದಲ್ಲಿ ಅರ್ಜುನ ಸೇನ್‌ಗುಪ್ತರ ಅಧ್ಯಕ್ಷತೆಯ ಆಯೋಗವು 2004-05ರ ಅಂಕಿಗಳಿಂದ ಲೆಕ್ಕಹಾಕಿದಂತೆ ದುಡಿಯುವವರಲ್ಲಿ ನೂರಕ್ಕೆ 92 ಮಂದಿ ಈ ಲೋಕದವರು.

ಹೊಲದಿಂದ ಹೊರಟವರು

ಲೂಯಿಸರು ಕಲ್ಪಿಸಿದ ಪ್ರಯಾಣವನ್ನು ದಕ್ಷಿಣ ಕೊರಿಯವೂ ತೈವಾನೂ ನಡೆದು ತೋರಿಸಿದವು. ತಡವಾಗಿ ಹೊರಟ ಚೀನಾ ಅದನ್ನು ಇನ್ನೂ ಬೃಹತ್ತಾಗಿ ನಡೆಯಿತು. ನಾವು ಅರ್ಧ ದಾರಿಯಲ್ಲಿ ಬೇರೆ ಕಡೆಗೆ ತಿರುಗಿದೆವು. ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲಿ ಸುಮಾರು ನೂರಕ್ಕೆ 70 ಮಂದಿಯನ್ನು ಹೊತ್ತಿದ್ದ ಕೃಷಿಯು 2018-19ರ ವೇಳೆಗೆ ಶೇಕಡಾ 42.5ರಷ್ಟು ಮಂದಿಯನ್ನು ಹೊತ್ತಿತ್ತು. ಇಳಿಮುಖವಾದ ಈ ಗೆರೆಯು ಇನ್ನು ಮೇಲೇರದೆಂದು ಎಲ್ಲರೂ ನಂಬಿದ್ದಾಗ 2020ರ ಮಾರ್ಚಿನ ಕೋವಿಡ್ ದಿಗ್ಬಂಧನ ಬಂದಿತು. ಯಾದಗಿರಿ, ರಾಯಚೂರು, ಕಲಬುರಗಿಗಳಿಂದ ಬೆಂಗಳೂರಿಗೂ ಪುಣೆ ಮುಂಬಯಿಗಳಿಗೂ ಗುಳೆ ಹೋಗಿದ್ದವರು ಗಂಟುಮೂಟೆ ಹೊತ್ತು ಊರಿಗೆ ಹಿಂದಿರುಗಿದರು; ದೇಶದ ಉದ್ದಗಲಕ್ಕೂ ಇದೇ ನಡೆಯಿತು; ಕೃಷಿಯ ಪಾಲು ಮತ್ತೆ ಮೇಲಕ್ಕೆ ಸರಿಯಿತು. ಸೋಂಕು ಹೋಯಿತು, ನಗರಗಳು ತೆರೆದುಕೊಂಡವು, ಆದರೆ 2023-24ರಲ್ಲಿಯೂ ಆ ಪಾಲು ಶೇಕಡಾ 46ರಷ್ಟೇ ಇದ್ದಿತು. ರಾಷ್ಟ್ರದ ಉತ್ಪನ್ನದಲ್ಲಿ ಸುಮಾರು ಶೇಕಡಾ 18ನ್ನು ಮಾತ್ರ ಕೊಡುವ ಕಸುಬೊಂದನ್ನು ನೂರಕ್ಕೆ 46 ಮಂದಿ ಹಂಚಿಕೊಂಡಾಗ ತಲೆಗೆಷ್ಟು ದಕ್ಕೀತೆಂಬುದನ್ನು ಓದುಗರೇ ಊಹಿಸಬಹುದು. 1970-71ರಲ್ಲಿ ಸರಾಸರಿ 2.28 ಹೆಕ್ಟೇರಿದ್ದ ಹಿಡುವಳಿ 2015-16ಕ್ಕೆ 1.08 ಹೆಕ್ಟೇರಿಗೆ ಇಳಿದಿರುವುದನ್ನೂ ಇದರೊಡನೆ ಸೇರಿಸಿ ನೋಡತಕ್ಕದ್ದು.

ಕಾರ್ಖಾನೆಗಳು ಈ ಜನವನ್ನು ಬರಮಾಡಿಕೊಳ್ಳಲಿಲ್ಲವೆ? ಬರಮಾಡಿಕೊಂಡ ಕಾಲವೊಂದಿತ್ತು. ಹತ್ತಿಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆ, ಬಿನ್ನಿ ಮತ್ತು ಮಿನರ್ವ ಗಿರಣಿಗಳ ಬೆಂಗಳೂರು, 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಕೋಲಾರದ ಚಿನ್ನದ ಗಣಿ, ಹಿಂದೂಸ್ಥಾನ್ ಏರ್‌ಕ್ರಾಫ್ಟ್‌ನಿಂದ ಮೊದಲುಗೊಂಡು ಎಚ್‌ಎಂಟಿ, ಐಟಿಐ, ಬಿಇಎಲ್‌ಗಳವರೆಗಿನ ಸಾರ್ವಜನಿಕ ಉದ್ಯಮಗಳು, ಇವೆಲ್ಲ ಹಳ್ಳಿಯ ಮಗನನ್ನು ಸಂಬಳ, ಭವಿಷ್ಯನಿಧಿ, ವಸತಿಗೃಹ, ಸಂಘ ಇವುಗಳ ಲೋಕಕ್ಕೆ ಸೇರಿಸಿದವು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೋಲಾರದ ಗಣಿ 2001ರ ಫೆಬ್ರವರಿಯ ಕೊನೆಗೆ ನಿಂತಿತು. ಎಚ್‌ಎಂಟಿ ಗಡಿಯಾರ ಘಟಕಗಳನ್ನು ಮುಚ್ಚುವ ನಿರ್ಣಯ 2016ರಲ್ಲಿ ಆಯಿತು. ಗಣಿಯಲ್ಲಿ ಇಳಿಯುತ್ತಿದ್ದವರ ಮಕ್ಕಳೂ ಮೊಮ್ಮಕ್ಕಳೂ ಈಗ ಮಾರಿಕುಪ್ಪದಿಂದ ಹೊರಡುವ ರೈಲುಗಳಲ್ಲಿ ಬೆಂಗಳೂರಿಗೆ ದಿನನಿತ್ಯ ಓಡಾಡುತ್ತಾರೆ. ಹೊಸ ಕಾರ್ಖಾನೆಗಳು ಬಂದಿಲ್ಲವೆಂದಲ್ಲ. ಬಂದವುಗಳು ಕಡಮೆ ಜನರಿಂದ ಹೆಚ್ಚು ಸರಕನ್ನು ತೆಗೆಯಬಲ್ಲವು, ಅಲ್ಲಿಯ ಬಹಳಷ್ಟು ಕೆಲಸಗಾರರು ಗುತ್ತಿಗೆಯವರು. ದೇಶದಲ್ಲಿ ತಯಾರಿಕೆಯ ಪಾಲು ಶೇಕಡಾ 11-12ರ ಆಸುಪಾಸಿನಲ್ಲಿಯೇ ನಿಂತುಬಿಟ್ಟಿದೆ.

ಹಾಗಾದರೆ ಹೊಲ ಬಿಟ್ಟವರು ಎಲ್ಲಿಗೆ ಸೇರಿದರು? ಬಹುತೇಕ ಮಂದಿ ಗಾರೆ ಕೆಲಸಕ್ಕೆ, ಮಿಕ್ಕವರು ಆಟೊ, ಹೋಟೆಲು, ಕಾವಲು, ಮನೆಗೆಲಸ, ತಳ್ಳುಗಾಡಿಗಳಿಗೆ. ಇತ್ತೀಚೆಗೆ ಬೆನ್ನಿಗೆ ಚೀಲ ತಗುಲಿಸಿಕೊಂಡು ಮನೆಮನೆಗೆ ಊಟ ಮುಟ್ಟಿಸುವ ಕೆಲಸಕ್ಕೆ. ಹಾಗೆ ಮೊಬೈಲಿನ ಆದೇಶದಂತೆ ದುಡಿಯುವ ಗಿಗ್ ಕಾರ್ಮಿಕರು 2020-21ರಲ್ಲಿ ದೇಶದಲ್ಲಿ 77 ಲಕ್ಷವಿದ್ದರೆಂದೂ, 2029-30ರ ವೇಳೆಗೆ 2.35 ಕೋಟಿ ಆಗುವರೆಂದೂ ನೀತಿ ಆಯೋಗ ಅಂದಾಜು ಮಾಡಿದೆ. ಜಗತ್ತು ಬೆಂಗಳೂರನ್ನು ಯಾವ ತಂತ್ರಾಂಶದ ಉದ್ಯಮದಿಂದ ಗುರುತಿಸುತ್ತದೆಯೋ ಆ ಉದ್ಯಮವಾದರೂ ಇಡೀ ದೇಶದ ದುಡಿಯುವವರಲ್ಲಿ ನೂರಕ್ಕೆ ಒಬ್ಬರ ಆಸುಪಾಸಿಗೆ ಮಾತ್ರ ಜಾಗ ಕೊಟ್ಟಿದೆ. ಕೀರ್ತಿ ದೊಡ್ಡದು, ಬಾಗಿಲು ಕಿರಿದು. ಸಂಬಳದ ಕೆಲಸ ಸಿಕ್ಕವರ ಸ್ಥಿತಿಯನ್ನಾದರೂ ನೋಡಿದರೆ, ಕೃಷಿಯಿಂದ ಹೊರಗೆ ನಿಯತ ಸಂಬಳ ಪಡೆಯುವವರಲ್ಲಿ ನೂರಕ್ಕೆ 58ರಷ್ಟು ಮಂದಿಗೆ ನೇಮಕದ ಬರಹವೆಂಬುದೇ ಇಲ್ಲವೆಂದು 2023-24ರ ಸಮೀಕ್ಷೆ ಹೇಳುತ್ತದೆ.

ಮಗನ ಕಾಯುವಿಕೆ, ತಾಯಿಯ ಕೂಲಿ

ಉದ್ಯೋಗವು ಪುರುಷಲಕ್ಷಣವೆಂಬ ಹಳೆಯ ಮಾತನ್ನು ಹೇಳುತ್ತ ಬಂದ ಸಮಾಜದಲ್ಲಿ ಹೆಂಗಸರ ದುಡಿಮೆಗೆ ದುಡಿಮೆಯೆಂಬ ಹೆಸರೇ ಇಲ್ಲದಿದ್ದುದು ಆಶ್ಚರ್ಯವಲ್ಲ. ಅಂಕಿಗಳು ಈಗ ಬೇರೊಂದು ಚಿತ್ರವನ್ನು ತೋರುತ್ತಿವೆ. ಹದಿನೈದು ವರ್ಷ ದಾಟಿದ ಮಹಿಳೆಯರಲ್ಲಿ 2017-18ರಲ್ಲಿ ಶೇಕಡಾ 23.3ರಷ್ಟು ಮಂದಿ ಕಾರ್ಮಿಕ ವರ್ಗದಲ್ಲಿದ್ದರೆ, 2023-24ರಲ್ಲಿ ಶೇಕಡಾ 41.7ರಷ್ಟು ಮಂದಿ ಇದ್ದರು. ಆರು ವರ್ಷಗಳಲ್ಲಿ ಇಷ್ಟು ದೊಡ್ಡ ಏರಿಕೆಯು ಹರ್ಷಕ್ಕೆ ಕಾರಣವಾಗಬೇಕಾಗಿತ್ತು. ಒಳಗೆ ಇಣಿಕಿ ನೋಡಿದರೆ ಹರ್ಷ ಅರ್ಧಕ್ಕೆ ನಿಲ್ಲುತ್ತದೆ: ಏರಿಕೆಯ ಬಹುಭಾಗ ಹಳ್ಳಿಯದು, ಹೊಲದ್ದು, ಸ್ವಂತ ಕಸುಬಿನ ಹೆಸರಿನದು, 2022-23ರಲ್ಲಿ ದುಡಿಯುವವರೆಂದು ಎಣಿಸಲ್ಪಟ್ಟ ಮಹಿಳೆಯರಲ್ಲಿ ನೂರಕ್ಕೆ 37ಕ್ಕಿಂತ ಹೆಚ್ಚು ಮಂದಿ ಕುಟುಂಬದ ಕಸುಬಿನಲ್ಲಿ ಸಂಬಳವಿಲ್ಲದ ಸಹಾಯಕರು. ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆ ಇವರ ಪಾಲಿಗೆ ಮೊದಲ ಅರ್ಧದಲ್ಲಿಯೇ ಮುಗಿಯುತ್ತದೆ.

ಸಂಬಳ ತರುವ ಹೆಣ್ಣುಮಕ್ಕಳೂ ಇದ್ದಾರೆ. ಕರಾವಳಿಯ ಜಗಲಿಗಳಲ್ಲಿ ಬೀಡಿ ಕಟ್ಟಿ ಸಾವಿರದ ಲೆಕ್ಕದಲ್ಲಿ ಮಜೂರಿ ಪಡೆದು ಮಕ್ಕಳನ್ನು ಓದಿಸಿದ ತಾಯಂದಿರ ಶ್ರಮದ ಮೇಲೆ ಎಷ್ಟು ಮಂದಿ ಇಂಜಿನಿಯರುಗಳೂ ಉಪಾಧ್ಯಾಯರೂ ನಿಂತಿದ್ದಾರೆಂಬುದನ್ನು ಆ ಕಡೆಯವರು ಬಲ್ಲರು. ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಹೊಲಿಗೆಯಂತ್ರದ ಮುಂದೆ ಗಂಟೆಗಿಷ್ಟು ತುಂಡೆಂಬ ಗುರಿಯ ಒತ್ತಡದಲ್ಲಿ ದುಡಿಯುವವರಲ್ಲಿ ಬಹುಪಾಲು ಮಹಿಳೆಯರು. ಭವಿಷ್ಯನಿಧಿಯ ಹಣವನ್ನು ನಿವೃತ್ತಿಯ ವಯಸ್ಸಿನವರೆಗೆ ಪೂರ್ತಿ ತೆಗೆಯಕೂಡದೆಂಬ ನಿಯಮ ಬಂದಾಗ, 2016ರ ಏಪ್ರಿಲ್ಲಿನಲ್ಲಿ, ಯಾವ ದೊಡ್ಡ ಸಂಘದ ಕರೆಗೂ ಕಾಯದೆ ಅವರು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು; ಎರಡು ದಿನಗಳಲ್ಲಿ ಕೇಂದ್ರ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಆ ನಿಧಿಯು ಮುಪ್ಪಿನ ಆಸರೆಯೆಂದು ಕಾನೂನು ತಿಳಿದಿತ್ತು. ಕೆಲಸ ಬಿಟ್ಟ ಮೇಲೆ ಇನ್ನೊಂದು ಕೆಲಸ ಹಿಡಿಯುವವರೆಗೆ, ಮಗಳ ಮದುವೆಯಾಗುವವರೆಗೆ, ಸಾಲ ಕೊಟ್ಟವನ ಬಾಯಿ ಮುಚ್ಚಿಸುವವರೆಗೆ ಕೈಯಲ್ಲಿರುವ ಏಕೈಕ ಬುತ್ತಿ ಅದೆಂಬುದು ಅವರಿಗೆ ತಿಳಿದಿತ್ತು.

ಇನ್ನು ಕಾಯಬಲ್ಲವರ ಕಡೆಗೆ ಬರೋಣ. ಧಾರವಾಡದ ಸಪ್ತಾಪುರದಲ್ಲಿಯೂ ಬೆಂಗಳೂರಿನ ವಿಜಯನಗರದಲ್ಲಿಯೂ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಗಂಟೆಗಟ್ಟಲೆ ಕೂರಲು ಮೇಜನ್ನು ಬಾಡಿಗೆಗೆ ಕೊಡುವ ವಾಚನಾಲಯಗಳು, ಖಾನಾವಳಿಗಳು, ಪೇಯಿಂಗ್ ಗೆಸ್ಟ್ ಕೋಣೆಗಳು ಸೇರಿ ಒಂದು ಪ್ರತ್ಯೇಕ ಪಟ್ಟಣವೇ ಆಗಿದೆ. ಎಫ್‌ಡಿಎ, ಪಿಎಸ್‌ಐ, ಪಿಡಿಒ, ಕೆಎಎಸ್ ಎಂಬ ಅಕ್ಷರಗಳನ್ನು ಜಪಿಸುತ್ತ ಇಪ್ಪತ್ತೆರಡರ ಹುಡುಗ ಮೂವತ್ತಕ್ಕೆ ಮುಟ್ಟುತ್ತಾನೆ. ರೈಲ್ವೆ ಇಲಾಖೆಯು 2019ರಲ್ಲಿ ಕರೆದ ಸುಮಾರು 35,000 ಹುದ್ದೆಗಳಿಗೆ 1.25 ಕೋಟಿ ಅರ್ಜಿಗಳು ಬಂದವು. ನಮ್ಮ ರಾಜ್ಯದಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ 2021ರಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣದಿಂದ ರದ್ದಾಗಿ, ಮರುಪರೀಕ್ಷೆ ನಡೆಯುವ ವೇಳೆಗೆ 2024ರ ಜನವರಿ ಬಂದಿತ್ತು. ಪ್ರಾಮಾಣಿಕವಾಗಿ ಬರೆದವನ ಯೌವನದ ಎರಡು ವರ್ಷಗಳಿಗೆ ಯಾವ ನ್ಯಾಯಾಲಯವೂ ಪರಿಹಾರವನ್ನು ವಿಧಿಸಲಾರದು.

ಇಷ್ಟಾದರೂ ಅವನು ಕಾಯುವುದು ಅವಿವೇಕವೆಂದು ಹೇಳುವಂತಿಲ್ಲ. ಹ್ಯಾರಿಸ್ ಮತ್ತು ಟೊಡಾರೊ ಎಂಬ ಅರ್ಥಶಾಸ್ತ್ರಜ್ಞರು ಪೂರ್ವ ಆಫ್ರಿಕದ ನಗರಗಳನ್ನು ಕಂಡು 1970ರಲ್ಲಿ ವಿವರಿಸಿದಂತೆ, ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ನಡುವಣ ಅಂತರ ಅಗಾಧವಾದಲ್ಲಿ, ಒಳ್ಳೆಯದು ಸಿಗುವ ಸಂಭವ ಅತ್ಯಲ್ಪವಾಗಿದ್ದರೂ ಅದಕ್ಕಾಗಿ ಸಾಲುಗಟ್ಟುವುದು ಲೆಕ್ಕಾಚಾರಕ್ಕೆ ಒಪ್ಪತಕ್ಕ ನಡೆಯೇ ಆಗಿದೆ. ನಮ್ಮಲ್ಲಿ ಆ ಅಂತರವು ಸಂಬಳದ್ದು ಮಾತ್ರವಲ್ಲ. ಹುಡುಗಿ ಸಿಗದ ಮಂಡ್ಯ ಜಿಲ್ಲೆಯ ಕೃಷಿಕ ತರುಣರು 2023ರ ಫೆಬ್ರವರಿಯಲ್ಲಿ ಕಂಕಣಭಾಗ್ಯವನ್ನು ಬೇಡಿ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ಪತ್ರಿಕೆಗಳಲ್ಲಿ ನಗೆಯ ವಸ್ತುವಾಯಿತು. ಹೆಣ್ಣು ಹೆತ್ತವರು ಭೂಮಿಗಿಂತ ತಿಂಗಳ ಸಂಬಳವನ್ನು ನಂಬುತ್ತಾರೆಂಬ ಗಂಭೀರ ಆರ್ಥಿಕ ಸತ್ಯ ಆ ನಗೆಯ ಹಿಂದೆ ಇದ್ದಿತು.

ಕಾಯುವವನ ವೆಚ್ಚ ಎಲ್ಲಿಂದ ಬರುತ್ತದೆ? ಪದವಿ ಮುಗಿದು 180 ದಿನವಾದರೂ ಕೆಲಸ ಸಿಗದವರಿಗೆ ಕರ್ನಾಟಕ ಸರ್ಕಾರವು ಯುವನಿಧಿಯ ಹೆಸರಿನಲ್ಲಿ 2024ರ ಜನವರಿಯಿಂದ ತಿಂಗಳಿಗೆ 3,000 ರೂಪಾಯಿಯಂತೆ, ಡಿಪ್ಲೊಮದವರಿಗೆ 1,500 ರೂಪಾಯಿಯಂತೆ, ಎರಡು ವರ್ಷಗಳವರೆಗೆ ಕೊಡುವ ಏರ್ಪಾಡು ಮಾಡಿದೆ. ಕೋಣೆಯ ಬಾಡಿಗೆಗೆ ಅದು ಸಾಕಾದರೆ ಊಟಕ್ಕೆ ಸಾಲದು. ಉಳಿದುದನ್ನು ಊರಿನ ಮನೆ ಕಳುಹಿಸುತ್ತದೆ; ಮನೆಗೆ ಅದು ತಾಯಿಯ ಕಳೆ ಕೀಳುವ ಕೂಲಿಯಿಂದಲೋ ಅಡವಿಟ್ಟ ಒಡವೆಯಿಂದಲೋ ಬರುತ್ತದೆ. ಮಗನು ಕಾಯುತ್ತಾನೆ, ತಾಯಿ ದುಡಿಯುತ್ತಾಳೆ. ಸಮೀಕ್ಷೆಯ ಪಟ್ಟಿಯಲ್ಲಿ ಮಗನು ನಿರುದ್ಯೋಗಿ, ತಾಯಿ ಉದ್ಯೋಗಸ್ಥೆ. ಈ ಇಬ್ಬರಲ್ಲಿ ಮಗನೊಬ್ಬನೇ ದೇಶದ ಸಮಸ್ಯೆಯಾಗಿ ಕಾಣಿಸಿಕೊಳ್ಳುತ್ತಾನೆ; ತಾಯಿಯು ಸಮಸ್ಯೆ ಬಗೆಹರಿದುದರ ನಿದರ್ಶನವಾಗಿ ಲೆಕ್ಕಕ್ಕೆ ಸೇರುತ್ತಾಳೆ.

ಒಲ್ಲೆನೆನ್ನುವ ಶಕ್ತಿ

ಈಗ ತೋಟದ ಯಜಮಾನರ ದೂರಿಗೆ ಹಿಂದಿರುಗಬಹುದು. ಮೂವತ್ತು ನಲವತ್ತು ವರ್ಷಗಳ ಹಿಂದೆ ಅವರಿಗೆ ಆಳುಗಳು ಸಿಗುತ್ತಿದ್ದರು, ನಿಜ. ಏತಕ್ಕೆ ಸಿಗುತ್ತಿದ್ದರು? ಬರದಿರುವ ಸ್ವಾತಂತ್ರ್ಯ ಅವರಿಗೆ ಇರಲಿಲ್ಲವಾದುದರಿಂದ. ಪಡಿತರದ ಅಕ್ಕಿ, ಶಾಲೆಯ ಬಿಸಿಯೂಟ, ಹೆಂಗಸರ ಸ್ವಸಹಾಯ ಸಂಘದ ಸಾಲ, ಪಟ್ಟಣಕ್ಕೆ ಹೋಗುವ ಬಸ್ಸು, ಇವು ಒಂದೊಂದೂ ಕೂಲಿಯವನ ಕೈಗೆ ಒಂದೊಂದು ಹಿಡಿ ಬುತ್ತಿಯನ್ನು ಇತ್ತವು. 2005ರ ಉದ್ಯೋಗ ಖಾತರಿ ಶಾಸನವು ಕೇಳಿದ 15 ದಿನದೊಳಗೆ ಕೆಲಸ, ವರ್ಷಕ್ಕೆ 100 ದಿನ, ಗಂಡಿಗೂ ಹೆಣ್ಣಿಗೂ ಸಮಾನ ಕೂಲಿ ಎಂಬ ಹಕ್ಕನ್ನು ಕೊಟ್ಟಿತು. ಕೆರೆಯ ಹೂಳು ತೆಗೆದುದು, ಬದು ಹಾಕಿದುದು, ಕೃಷಿಹೊಂಡ ತೋಡಿದುದು ಅದರ ಪ್ರತ್ಯಕ್ಷ ಫಲ. ಸಾಂಕ್ರಾಮಿಕದ 2020-21ರಲ್ಲಿ ಅದು ಸುಮಾರು 389 ಕೋಟಿ ಮಾನವದಿನಗಳ ಕೆಲಸವನ್ನು ಕೊಟ್ಟು ಊರಿಗೆ ಮರಳಿದವರನ್ನು ಕಾಪಾಡಿತು. ಕೂಲಿ ತಡವಾದದ್ದೂ ಸುಳ್ಳು ಹಾಜರಿಯೂ ಯಂತ್ರದಿಂದ ತೋಡಿ ಜನರ ಹೆಸರು ಬರೆದದ್ದೂ ಉಂಟು. ಆದರೆ ಅದರ ಅತ್ಯಂತ ದೊಡ್ಡ ಪರಿಣಾಮವು ಖಾತರಿ ಕೆಲಸ ನಡೆಯುವ ಜಾಗದಲ್ಲಿ ಕಾಣುವಂತಹುದಲ್ಲ. ಯಜಮಾನನ ಅಂಗಳದಲ್ಲಿ ಕೂಲಿಯ ಮಾತು ನಡೆಯುವಾಗ, ಇಷ್ಟಕ್ಕಾದರೆ ಒಲ್ಲೆನೆಂದು ಹೇಳಿ ತಿರುಗಿ ನಡೆಯುವ ಧೈರ್ಯವನ್ನು ಅದು ಆಳಿಗೆ ಕೊಟ್ಟಿತು. ಯೋಜನೆ ಚೆನ್ನಾಗಿ ನಡೆದ ಕಡೆಗಳಲ್ಲಿ ಖಾಸಗಿ ಕೃಷಿಕೂಲಿಯ ದರವೂ ಏರಿತೆಂಬುದನ್ನು ಅಧ್ಯಯನಗಳು ತೋರಿಸಿವೆ. ಆ ಶಾಸನಕ್ಕೆ ಬದಲಾಗಿ 2025ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ ಹೊಸ ಶಾಸನವು ದಿನಗಳನ್ನು 125ಕ್ಕೆ ಏರಿಸಿತಾದರೂ, ಬಿತ್ತನೆ ಕೊಯ್ಲುಗಳ ಕಾಲದಲ್ಲಿ ವರ್ಷಕ್ಕೆ 60 ದಿನ ಕಾಮಗಾರಿಗಳನ್ನು ನಿಲ್ಲಿಸುವ ಏರ್ಪಾಡನ್ನೂ ಒಳಗೊಂಡಿದೆ. ಕೂಲಿಯವನಿಗೆ ಒಲ್ಲೆನೆನ್ನುವ ಬಲ ಅತ್ಯಂತ ಬೆಲೆಬಾಳುವ ಸಮಯವೇ ಅದೆಂಬುದನ್ನು ಯಜಮಾನರ ದೂರನ್ನು ಕೇಳಿದವರಾರೂ ಅರಿಯದಿರಲಾರರು.

ಯಜಮಾನರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯವರೇ, ಧಾರಣೆ ಕುಸಿದರೆ ಅವರೂ ಸಾಲಗಾರರೇ ಎಂಬುದನ್ನು ಮರೆಯಕೂಡದು. ಅವರ ಸಂಕಟಕ್ಕೆ ಪರಿಹಾರವು ಆಳಿನ ಅಸಹಾಯಕತೆಯನ್ನು ಮರಳಿ ತರುವುದರಲ್ಲಿಲ್ಲ, ಕೆಲಸದ ಸ್ವರೂಪವನ್ನು ಬದಲಿಸುವುದರಲ್ಲಿದೆ. ಮರದಿಂದ ಮರಕ್ಕೆ ಪ್ರಾಣವನ್ನು ಪಣವಾಗಿಟ್ಟು ಏರುವ ಕೆಲಸಕ್ಕೆ ಮಕ್ಕಳನ್ನು ಕಳುಹಿಸಲು ಕೊನೆಗೌಡರ ಮನೆತನಗಳೇ ಒಪ್ಪದಾದ ಮೇಲೆ, ನೆಲದ ಮೇಲೆ ನಿಂತು ಕೊನೆ ಇಳಿಸುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಬಂದವು. ಕರಾವಳಿಯಲ್ಲಿ ಕ್ಯಾಂಪ್ಕೊ ಮೊದಲಾದ ಸಂಸ್ಥೆಗಳು ಅದರ ತರಬೇತಿ ಶಿಬಿರಗಳನ್ನು ನಡೆಸಿದವು. ಓದಿದ ತರುಣರೂ ಅಲ್ಲಿಗೆ ಬಂದು ಕಲಿತರು. ಆಳೆಂದು ಕರೆದರೆ ಬಾರದವನು ಕುಶಲಿಯೆಂದು ಕರೆದು ತಕ್ಕ ಸಂಭಾವನೆ ಕೊಟ್ಟರೆ ಬರುತ್ತಾನೆ. ಕಾಯಕದ ಗೌರವವನ್ನು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ನಾಡು ನಮ್ಮದೆಂದು ವೇದಿಕೆಯ ಮೇಲೆ ಹೇಳುತ್ತೇವೆ. ಜಾತಿಯಿಂದ ಹಂಚಿದ, ಏಕವಚನದಿಂದ ಕೂಗಿದ, ವಿಮೆಯಿಲ್ಲದ ದುಡಿಮೆಯನ್ನು ತರುಣನು ಒಲ್ಲೆನೆಂದರೆ ಅದನ್ನು ಸೋಮಾರಿತನವೆನ್ನುತ್ತೇವೆ.

ಮಾಡತಕ್ಕುದೇನೆಂಬುದಕ್ಕೆ ಗೂಢವಾದ ಉತ್ತರಗಳಿಲ್ಲ. ಬ್ರಹ್ಮಾನಂದರು ಹೇಳಿದ ಕೂಲಿಪದಾರ್ಥಗಳ ಮಾರ್ಗ, ಎಂದರೆ ಬಟ್ಟೆ, ಚರ್ಮ, ಆಹಾರ ಸಂಸ್ಕರಣ, ಪೀಠೋಪಕರಣಗಳಂತಹ ಬಹುಜನರನ್ನು ಹಿಡಿಸುವ ಉದ್ಯಮಗಳು ಬೆಂಗಳೂರನ್ನು ಬಿಟ್ಟು ರಾಣೆಬೆನ್ನೂರು, ಗಂಗಾವತಿ, ಚಿಂತಾಮಣಿಗಳಂತಹ ಊರುಗಳಲ್ಲಿ ಬೇರೂರುವುದು ಈಗಲೂ ಉಳಿದಿರುವ ದಾರಿ. ಖಾಲಿಯಿರುವ ಸರ್ಕಾರಿ ಹುದ್ದೆಗಳನ್ನು ಪಂಚಾಂಗದಂತೆ ನಿಯತವಾದ ದಿನಗಳಲ್ಲಿ ತುಂಬುತ್ತ ಹೋದರೆ ಕಾಯುವಿಕೆಗೆ ಒಂದು ಮಿತಿ ಒದಗಿ, ಸೋತವನು ಇಪ್ಪತ್ತೈದಕ್ಕೇ ಬೇರೆ ದಾರಿ ಹಿಡಿದಾನು. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕವು 2025ರಲ್ಲಿ ತಂದ ಕಾನೂನು ಪ್ರತಿಯೊಂದು ವ್ಯವಹಾರದ ಮೇಲೆ ಶೇಕಡಾ 1ರಿಂದ 5ರವರೆಗೆ ಶುಲ್ಕವೆತ್ತಿ ಕ್ಷೇಮನಿಧಿಗೆ ಸೇರಿಸುವ ಏರ್ಪಾಡು ಮಾಡಿದೆ. ಸಂಬಳದಾತನೇ ಕಣ್ಣಿಗೆ ಕಾಣದ ಕಾಲದಲ್ಲಿ ಬುತ್ತಿಯನ್ನು ಕಟ್ಟಿಕೊಡುವ ಹೊಸ ಬಗೆಯಿದು, ಗಾರೆಯವರಿಗೂ ಮನೆಗೆಲಸದವರಿಗೂ ವಿಸ್ತರಿಸಲು ಯೋಗ್ಯವಾದದ್ದು.

ಇವೆಲ್ಲ ಕೈಗೂಡುತ್ತ ಹೋದಲ್ಲಿ ನಿರುದ್ಯೋಗದ ಅಂಕಿ ಇಳಿಯುವುದೆ? ಮೊದಲು ಏರುವ ಸಂಭವವೇ ಹೆಚ್ಚು. ಕಾಯುವ ಶಕ್ತಿ ಬಂದ ಕೂಡಲೆ, ಇಂದು ಅರೆಗೂಲಿಗೆ ಒಪ್ಪಿಕೊಂಡು ಉದ್ಯೋಗಸ್ಥರೆನಿಸಿರುವ ಅನೇಕರು ಅದನ್ನು ಬಿಟ್ಟು, ತಮಗೆ ತಕ್ಕುದನ್ನು ಹುಡುಕುವವರೆಂದು ಹೆಸರು ಬರೆಸಿಯಾರು. ಮಗನಿಗಾಗಿ ಕಳೆ ಕೀಳುವ ತಾಯಿಯೂ ಅವರಲ್ಲಿ ಒಬ್ಬಳಾದಾಳು. ಅಂತಹ ಏರಿಕೆಯನ್ನು ಕಂಡು ಸರ್ಕಾರ ಹೆದರಿ ಅಂಕಿಯನ್ನು ಮರೆಮಾಡದೆ, ವಿರೋಧಪಕ್ಷವು ಅದನ್ನೇ ಆಯುಧಮಾಡಿಕೊಳ್ಳದೆ, ದುಡಿಯುವವರಿಗೆ ಆಯ್ಕೆಯ ಶಕ್ತಿ ಬಂದಿತೆಂದು ಓದಿಕೊಳ್ಳುವಷ್ಟು ಪ್ರೌಢಿಮೆ ನಮ್ಮ ಸಾರ್ವಜನಿಕ ಜೀವನಕ್ಕೆ ಬರಬೇಕು. ಶೇಕಡಾ 3.2 ಎಂಬ ಸಂಖ್ಯೆಯನ್ನು ನೋಡಿ ನೆಮ್ಮದಿಪಡುವ ಅಧಿಕಾರ ನಮಗೆ ಆಮೇಲಲ್ಲದೆ ಈಗ ಇಲ್ಲ.